ಹತ್ತಿಸುವುದು ಮೋಟಾರಿನ ಕೆಲಸ, ಇಳಿಸುವುದು ನನ್ನ ಕೆಲಸ

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ, ವಾಕಟಿಪು ಸರೋವರದ ದಡದಲ್ಲಿರುವ ಕ್ವೀನ್ಸ್‌ಟೌನ್ ಎಂಬ ಊರಿನಲ್ಲಿ ನಾನು ಪ್ರವಾಸಿಗರನ್ನು ಇ-ಸೈಕಲ್‌ಗಳ ಮೇಲೆ ಕರೆದೊಯ್ಯುವ ಮಾರ್ಗದರ್ಶಿಯಾಗಿ ಕೆಲಸ ಮಾಡುತ್ತಿದ್ದೇನೆ. ಈಗ ಐದನೆಯ ವರ್ಷ ನಡೆಯುತ್ತಿದೆ. ಇಲ್ಲಿನವರು ಇದನ್ನು ಇ-ಬೈಕ್ ಎನ್ನುತ್ತಾರೆ, ಆದರೆ ನಮ್ಮಲ್ಲಿ ಬೈಕ್ ಎಂದರೆ ಮೋಟಾರ್ ಸೈಕಲ್ ಎಂದೇ ತಿಳಿಯುವುದರಿಂದ ನಾನು ಸೈಕಲ್ ಎಂದೇ ಬರೆಯುತ್ತೇನೆ. ಪೆಡಲ್ ತುಳಿದಾಗ ಮಾತ್ರ ಮೋಟಾರು ಜೊತೆಗೂಡಿ ತಳ್ಳುತ್ತದೆ, ತುಳಿಯುವುದನ್ನು ಬಿಟ್ಟರೆ ತಾನೂ ಸುಮ್ಮನಾಗುತ್ತದೆ. ಮೋಟಾರಿನ ಗರಿಷ್ಠ ಶಕ್ತಿ 300 ವ್ಯಾಟ್ ಮೀರದಿದ್ದರೆ ಇಲ್ಲಿನ ಕಾನೂನು ಅದನ್ನು ಮೋಟಾರು ವಾಹನವೆಂದು ಎಣಿಸುವುದಿಲ್ಲ, ಲೈಸೆನ್ಸ್ ಕೇಳುವುದಿಲ್ಲ. ಹೆಲ್ಮೆಟ್ ಮಾತ್ರ 1994ರಿಂದಲೂ ಎಲ್ಲ ಸೈಕಲ್ ಸವಾರರಿಗೆ ಕಡ್ಡಾಯ.

ಊರಿನ ನೆಲ ಹೇಗಿದೆ ಎಂಬುದನ್ನು ಹೇಳದೆ ಈ ಕೆಲಸದ ಕಷ್ಟ ಅರ್ಥವಾಗುವುದಿಲ್ಲ. ವಾಕಟಿಪು ಸುಮಾರು 80 ಕಿಲೋಮೀಟರ್ ಉದ್ದದ, 380 ಮೀಟರ್‌ವರೆಗೆ ಆಳವಿರುವ ಸರೋವರ. ಅದರ ನೀರಿನ ಮಟ್ಟ ಸಮುದ್ರಮಟ್ಟದಿಂದ 310 ಮೀಟರ್ ಎತ್ತರದಲ್ಲಿದೆಯಾದ್ದರಿಂದ ತಳದ ಅತ್ಯಂತ ಆಳದ ಭಾಗ ಸಮುದ್ರಮಟ್ಟಕ್ಕಿಂತಲೂ ಕೆಳಗಿದೆ. ನೀರಿನ ಅಂಚಿನಿಂದಲೇ ಬೆಟ್ಟಗಳು ಎದ್ದು ನಿಲ್ಲುತ್ತವೆ. ಊರಿನ ಹಿಂದಿರುವ ಬೆನ್ ಲೋಮಂಡ್ 1748 ಮೀಟರ್, ಎದುರಿಗಿರುವ ರಿಮಾರ್ಕಬಲ್ಸ್ ಸಾಲಿನ ತುದಿ 2319 ಮೀಟರ್. ಇವುಗಳ ನಡುವೆ 2012ರಲ್ಲಿ ತೆರೆದ ಕ್ವೀನ್ಸ್‌ಟೌನ್ ಟ್ರೇಲ್ ಎಂಬ ಸೈಕಲ್ ದಾರಿಗಳ ಜಾಲ ನೂರಕ್ಕೂ ಹೆಚ್ಚು ಕಿಲೋಮೀಟರ್ ಹರಡಿಕೊಂಡಿದೆ. ಬಹುಪಾಲು ಜಲ್ಲಿ ಹಾಸಿದ ದಾರಿ. ಕೆಲವೆಡೆ ಮಗುವೂ ಹೋಗಬಹುದಾದಷ್ಟು ಸಮತಟ್ಟು, ಕೆಲವೆಡೆ ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ನೇರ ಕೆಳಗೆ ನೀರು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಏರು ಹತ್ತಿಸುವುದೇ ನನ್ನ ಜವಾಬ್ದಾರಿ ಎಂದು ನಾನು ನಂಬಿದ್ದೆ. ಬಂದವರಲ್ಲಿ ಅರ್ಧದಷ್ಟು ಜನ ಸೈಕಲ್ ತುಳಿದು ಇಪ್ಪತ್ತು ಮೂವತ್ತು ವರ್ಷಗಳಾಗಿರುತ್ತವೆ, ಅವರ ಹೆದರಿಕೆಯೆಲ್ಲ ಏರಿನ ಬಗ್ಗೆಯೇ ಇರುತ್ತದೆ. ಮೋಟಾರು ಆ ಹೆದರಿಕೆಯನ್ನು ಮೊದಲ ದಿಬ್ಬದಲ್ಲೇ ತೆಗೆದುಹಾಕುತ್ತದೆ, ಜನರ ಮುಖ ಅರಳುತ್ತದೆ, ಅದನ್ನು ನೋಡಿ ನನಗೂ ಸಂತೋಷವಾಗುತ್ತಿತ್ತು. ಸಾಮಾನ್ಯ ಸೈಕಲ್ಲಿನಲ್ಲಿ ಏರು ಎಂಬುದು ಒಂದು ಜರಡಿಯ ಹಾಗೆ ಕೆಲಸ ಮಾಡುತ್ತಿತ್ತು ಎಂಬುದು ಆಗ ನನಗೆ ಹೊಳೆದಿರಲಿಲ್ಲ. ಏರಲಾರದವನು ಅರ್ಧ ದಾರಿಯಲ್ಲೇ ಏದುಸಿರು ಬಿಡುತ್ತ ಇಳಿದು ನಿಲ್ಲುತ್ತಾನೆ, ಕಡಿದಾದ ಇಳಿಜಾರಿನ ತುದಿಗೆ ಅವನು ತಲುಪುವುದೇ ಇಲ್ಲ. ತುಳಿದು ತುಳಿದು ತುದಿಗೆ ಬಂದವನಿಗೆ ಅಷ್ಟರೊಳಗೆ ಸೈಕಲ್ಲಿನ ತೂಕ, ಜಲ್ಲಿಯ ಜಾರು, ತನ್ನ ಕೈಕಾಲಿನ ಮಿತಿ ಎಲ್ಲವೂ ಪರಿಚಯವಾಗಿರುತ್ತವೆ. ಇ-ಸೈಕಲ್ ಆ ಜರಡಿಯನ್ನು ತೆಗೆದುಬಿಟ್ಟಿದೆ. ಈಗ ಯಾರು ಬೇಕಾದರೂ ಮೇಲೆ ಬರಬಲ್ಲರು, ಆದರೆ ಕೆಳಗಿಳಿಯುವಾಗ ಮೋಟಾರು ಯಾವ ಸಹಾಯವನ್ನೂ ಮಾಡುವುದಿಲ್ಲ.

ಇದನ್ನು ನಾನು ಕಲಿತದ್ದು ಒಬ್ಬ ಹಿರಿಯರ ಕೈ ಮುರಿದ ಮೇಲೆ. ನನ್ನ ಎರಡನೆಯ ವರ್ಷದ ಏಪ್ರಿಲ್ ತಿಂಗಳು. ಇಲ್ಲಿ ಆಗ ಎಲೆ ಹಣ್ಣಾಗಿ ಉದುರುವ ಕಾಲ. ಮೈಸೂರಿನಿಂದ ಒಂದು ಕುಟುಂಬ ಬಂದಿತ್ತು: ನಿವೃತ್ತ ದಂಪತಿ, ಆಕ್ಲೆಂಡಿನಲ್ಲಿ ಕೆಲಸದಲ್ಲಿರುವ ಅವರ ಮಗ, ಸೊಸೆ. ಮಾರ್ಗದರ್ಶಿ ಕನ್ನಡದವನೆಂದು ತಿಳಿದ ಕೂಡಲೇ ಆ ತಾಯಿ ನನ್ನನ್ನು ಮನೆಯ ಹುಡುಗನಂತೆ ಮಾತನಾಡಿಸತೊಡಗಿದರು. ಅವರು ಹೈಸ್ಕೂಲಿನಲ್ಲಿ ಪಾಠ ಮಾಡಿದವರು, ಹುಡುಗಿಯಾಗಿದ್ದಾಗ ಸೈಕಲ್, ಆಮೇಲೆ ಬಹಳ ಕಾಲ ಸ್ಕೂಟರ್ ಓಡಿಸಿದವರು. ಚೂಡಿದಾರದ ವೇಲು ಚೈನಿಗೆ ಸಿಕ್ಕದಂತೆ ಸೊಂಟಕ್ಕೆ ಸುತ್ತಿ ಗಂಟು ಹಾಕಿಕೊಳ್ಳಬೇಕೆಂದು ನಾನು ಹೇಳುವ ಮೊದಲೇ ಅವರೇ ಕಟ್ಟಿಕೊಂಡಿದ್ದರು. ಫ್ರಾಂಕ್ಟನ್ ಕಡೆಯ ಸಮತಟ್ಟಾದ ದಾರಿಯಲ್ಲಿ ಅವರು ಎಷ್ಟು ಚೆನ್ನಾಗಿ ತುಳಿದರೆಂದರೆ, ಮಗ ಕೇಳಿದ ಕೂಡಲೇ ಕೆಲ್ವಿನ್ ಹೈಟ್ಸ್ ದಾಟಿ ಜಾಕ್ಸ್ ಪಾಯಿಂಟ್ ದಾರಿಗೆ ಹೋಗೋಣವೆಂದು ನಾನು ಒಪ್ಪಿಕೊಂಡೆ. ರಿಮಾರ್ಕಬಲ್ಸ್ ಬೆಟ್ಟದ ಬುಡದಲ್ಲಿ, ಸರೋವರದ ಮೇಲ್ಭಾಗದಲ್ಲಿ ಏರಿಳಿಯುತ್ತ ಹೋಗುವ ಆ ದಾರಿಯ ನೋಟಕ್ಕೆ ಸರಿಸಾಟಿಯಿಲ್ಲ, ಆದರೆ ಅಲ್ಲಲ್ಲಿ ಏರು ಬಹಳ ಕಡಿದು.

ಏರಿನ ಬುಡದಲ್ಲಿ ನಾನೇ ಅವರ ಸೈಕಲ್ಲಿನ ಗುಂಡಿ ಒತ್ತಿ ಮೋಟಾರಿನ ಸಹಾಯವನ್ನು ಟರ್ಬೋಗೆ, ಅಂದರೆ ಅತಿ ಹೆಚ್ಚಿನ ಮಟ್ಟಕ್ಕೆ, ಏರಿಸಿಕೊಟ್ಟೆ. ಅವರು ಸಲೀಸಾಗಿ ಹತ್ತಿ ತುದಿಯಲ್ಲಿ ನಿಂತು, "ಇಷ್ಟು ಸುಲಭ ಅಂತ ಗೊತ್ತಿದ್ದಿದ್ರೆ ಚಾಮುಂಡಿ ಬೆಟ್ಟಕ್ಕೂ ಸೈಕಲ್ಲಲ್ಲೇ ಹೋಗ್ತಿದ್ದೆ ಕಣಪ್ಪಾ" ಎಂದರು. ಫೋಟೋ ತೆಗೆದುಕೊಂಡದ್ದಾಯಿತು. "ನಿಧಾನವಾಗಿ ಬನ್ನಿ ಅಮ್ಮಾ, ಬ್ರೇಕ್ ಹಿಡಿದುಕೊಂಡೇ ಬನ್ನಿ" ಎಂದಷ್ಟೇ ಹೇಳಿ ನಾನು ಎಲ್ಲರಿಗಿಂತ ಮುಂದೆ ಇಳಿದೆ.

ಹಿಂದೆ ಜಲ್ಲಿ ಕೆರೆದ ಸದ್ದು ಕೇಳಿ ನಾನು ತಿರುಗಿ ನೋಡುವಷ್ಟರಲ್ಲಿ ಅವರು ಬಿದ್ದಾಗಿತ್ತು. ಏನಾಯಿತೆಂಬುದನ್ನು ದಾರಿಯ ಮೇಲಿನ ಗುರುತೇ ಹೇಳುತ್ತಿತ್ತು. ಹಿಂದಿನ ಚಕ್ರ ಉರುಳದೆ ಎಳೆದ ಒಂದು ಉದ್ದನೆಯ ಗೀರು ಸುಮಾರು ಎಂಟು ಹೆಜ್ಜೆಯವರೆಗೆ ಬಂದು, ತಿರುವಿನಲ್ಲಿ ಒಮ್ಮೆಲೇ ಪಕ್ಕಕ್ಕೆ ಹೊರಳಿತ್ತು. ಮುಂದಿನ ಬ್ರೇಕ್ ಹಿಡಿದರೆ ಮುಗ್ಗರಿಸಿ ಬೀಳುತ್ತೀಯೆ ಎಂದು ನಮ್ಮಲ್ಲಿ ಮಕ್ಕಳಿಗೆ ಹೇಳಿಕೊಡುತ್ತೇವೆ. ನನಗೂ ನನ್ನ ಅಪ್ಪ ಹಾಗೆಯೇ ಹೇಳಿದ್ದರು. ಆ ತಾಯಿಯೂ ಅದೇ ಮಾತನ್ನು ಪಾಲಿಸಿ ಎಡಗೈಯ, ಅಂದರೆ ಹಿಂದಿನ ಚಕ್ರದ, ಬ್ರೇಕನ್ನು ಮಾತ್ರ ಪೂರ್ತಿ ಅದುಮಿ ಹಿಡಿದಿದ್ದರು. ಚಕ್ರ ಕಚ್ಚಿಕೊಂಡು ಸೈಕಲ್ ಜಾರತೊಡಗಿದಾಗ ಗಾಬರಿಯಿಂದ ಬಲಗೈಯದನ್ನೂ ಒಮ್ಮೆಗೇ ಒತ್ತಿದ್ದರು. ಕಾಲೂರಲು ನೋಡಿದರೆ, ತುಳಿಯಲು ಅನುಕೂಲವಾಗಲೆಂದು ನಾನು ಎತ್ತರಿಸಿಕೊಟ್ಟಿದ್ದ ಸೀಟಿನಿಂದ ಪಾದ ನೆಲಕ್ಕೆ ಎಟುಕಲಿಲ್ಲ. ದೈವಕೃಪೆಯಿಂದ ಬಿದ್ದದ್ದು ಗುಡ್ಡದ ಬದಿಗೆ, ಹುಲ್ಲಿನ ಮೇಲೆ. ಎಡಗೈಯ ಮಣಿಕಟ್ಟು ಮುರಿದಿತ್ತು.

ಕೈಯನ್ನು ಅಲುಗಾಡದಂತೆ ಬಟ್ಟೆಯಲ್ಲಿ ಕೊರಳಿಗೆ ಕಟ್ಟಿ, ಕಂಪನಿಯ ವ್ಯಾನ್ ಬರುವ ಜಾಗದವರೆಗೆ ನಾವು ನಡೆದುಕೊಂಡು ಹೋದೆವು. ಇಲ್ಲಿ ಅಪಘಾತದಲ್ಲಿ ಗಾಯಗೊಂಡ ಪ್ರವಾಸಿಗರ ಚಿಕಿತ್ಸೆಗೂ ದೇಶದ ಅಪಘಾತ ಪರಿಹಾರ ವ್ಯವಸ್ಥೆಯ ನೆರವಿದೆ, ಆದ್ದರಿಂದ ಆಸ್ಪತ್ರೆಯ ಖರ್ಚಿನ ಚಿಂತೆ ದೊಡ್ಡದಾಗಲಿಲ್ಲ. ದಾರಿಯುದ್ದಕ್ಕೂ ಅವರು "ನಿನ್ನ ತಪ್ಪಲ್ಲ ಬಿಡಪ್ಪಾ, ನಾನೇ ಸರಿಯಾಗಿ ಹಿಡಿಯಲಿಲ್ಲ" ಎನ್ನುತ್ತಿದ್ದರು. ಅದು ನನ್ನದೇ ತಪ್ಪು ಎಂದು ನಾನು ಆ ದಿನದ ವರದಿಯಲ್ಲಿ ಬರೆದೆ, ಇಂದಿಗೂ ಹಾಗೆಯೇ ತಿಳಿದಿದ್ದೇನೆ. ಇಳಿಯಲು ಬರುತ್ತದೆಯೇ ಎಂದು ನೋಡದೆ ನಾನು ಅವರನ್ನು ಹತ್ತಿಸಿದ್ದೆ, ಬ್ರೇಕ್ ಹಿಡಿಯಿರಿ ಎಂದಿದ್ದೆನೇ ಹೊರತು ಹೇಗೆ ಹಿಡಿಯಬೇಕೆಂದು ತೋರಿಸಿರಲಿಲ್ಲ.

ಆ ರಾತ್ರಿ ಕುಳಿತು ಮಾಡಿದ ಒಂದು ಲೆಕ್ಕ ನನ್ನ ಕಣ್ಣು ತೆರೆಸಿತು. ಸವಾರರು 75 ಕಿಲೋ, ಸೈಕಲ್ 25 ಕಿಲೋ ಎಂದಿಟ್ಟುಕೊಂಡರೆ ಒಟ್ಟು 100 ಕಿಲೋ. ಇಷ್ಟು ಭಾರವನ್ನು 100 ಮೀಟರ್ ಎತ್ತರಕ್ಕೆ ಒಯ್ಯಲು ಸುಮಾರು 98,000 ಜೂಲ್, ಅಂದರೆ 27 ವ್ಯಾಟ್-ಅವರ್ ಶಕ್ತಿ ಬೇಕು. ನಮ್ಮ ಸೈಕಲ್ಲುಗಳ ಬ್ಯಾಟರಿ 500 ವ್ಯಾಟ್-ಅವರ್‌ನದಾದ್ದರಿಂದ ಹತ್ತುವಾಗ ಇದೊಂದು ಲೆಕ್ಕಕ್ಕೇ ಬಾರದ ಮೊತ್ತ. ಆದರೆ ಇಳಿಯುವಾಗ ಅಷ್ಟೇ ಶಕ್ತಿ ಎಲ್ಲಾದರೂ ಹೋಗಲೇಬೇಕು. ನಮ್ಮ ಸೈಕಲ್ಲುಗಳಲ್ಲಿ ಮೋಟಾರು ಇರುವುದು ಪೆಡಲಿನ ಬಳಿ. ಅದು ಆ ಶಕ್ತಿಯನ್ನು ಬ್ಯಾಟರಿಗೆ ಮರಳಿಸುವುದಿಲ್ಲ. ನಿಧಾನವಾಗಿ ಇಳಿಯುವವರ ವಿಷಯದಲ್ಲಿ ಅದರ ಬಹುಪಾಲು ಅಂಗೈಯಗಲದ ಎರಡು ಬ್ರೇಕ್ ತಟ್ಟೆಗಳಲ್ಲಿ ಬಿಸಿಯಾಗಿ ಕಳೆಯಬೇಕು. ಮೂರು ನಿಮಿಷದಲ್ಲಿ ಇಳಿದರೆ 500 ವ್ಯಾಟ್‌ಗೂ ಮೀರಿದ ಶಾಖ, ಒಂದು ಸಣ್ಣ ಇಸ್ತ್ರಿ ಪೆಟ್ಟಿಗೆ ಉರಿದಷ್ಟು. ಒಂದೇ ಬ್ರೇಕನ್ನು ಬಿಡದೆ ಒತ್ತಿ ಹಿಡಿದರೆ ಅದೆಲ್ಲವೂ ಒಂದೇ ತಟ್ಟೆಯ ಮೇಲೆ ಬೀಳುತ್ತದೆ. ಹತ್ತುವಾಗ ಬ್ಯಾಟರಿ ಹೊತ್ತ ಭಾರವನ್ನು ಇಳಿಯುವಾಗ ಸವಾರನ ಬೆರಳುಗಳು ಹೊರುತ್ತವೆ, ಆ ಬೆರಳುಗಳಿಗೆ ಅಭ್ಯಾಸ ಮಾಡಿಸುವವನು ನಾನು.

ಆಮೇಲೆ ನಾನು ಪ್ರವಾಸ ಆರಂಭಿಸುವ ಕ್ರಮವನ್ನೇ ಬದಲಿಸಿದೆ. ಮೊದಲ ಹತ್ತು ನಿಮಿಷ ಮೋಟಾರು ಆನ್ ಆಗುವುದೇ ಇಲ್ಲ. ಹುಲ್ಲುಹಾಸಿನ ಮೇಲೆ, ಸೀಟನ್ನು ಎರಡೂ ಪಾದ ನೆಲಕ್ಕೆ ಊರುವಷ್ಟು ಇಳಿಸಿ, ಬರೀ ನಿಲ್ಲಿಸುವುದನ್ನು ಕಲಿಸುತ್ತೇನೆ. ಎರಡೂ ಬ್ರೇಕ್‌ಗಳ ಮೇಲೆ ಒಂದೊಂದೇ ಬೆರಳು. ಹಸುವಿನ ಹಾಲು ಕರೆಯುವಾಗ ಒತ್ತಿ ಸಡಿಲಿಸುವ ಹಾಗೆ ಒತ್ತಬೇಕು, ಸಡಿಲಿಸಬೇಕು, ಮತ್ತೆ ಒತ್ತಬೇಕು. ಹಳ್ಳಿಯಿಂದ ಬಂದ ಹಿರಿಯರಿಗೆ ಈ ಹೋಲಿಕೆ ಕೂಡಲೇ ಹಿಡಿಸುತ್ತದೆ. ಮುಂದಿನ ಬ್ರೇಕ್ ಶತ್ರುವಲ್ಲ, ಇಳಿಜಾರಿನಲ್ಲಿ ತೂಕವೆಲ್ಲ ಮುಂದಿನ ಚಕ್ರಕ್ಕೇ ಬರುವುದರಿಂದ ನಿಲ್ಲಿಸುವ ಬಲವೂ ಅಲ್ಲಿಯೇ ಹೆಚ್ಚು, ಮೈಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಮೆಲ್ಲನೆ ಒತ್ತಿದರೆ ಮುಗ್ಗರಿಸುವುದಿಲ್ಲ ಎಂಬುದನ್ನು ಅವರೇ ಮಾಡಿ ನೋಡುವವರೆಗೆ ಬಿಡುವುದಿಲ್ಲ. ಅಮೆರಿಕದಿಂದ ಬಂದವರಿಗೆ ಇನ್ನೊಂದು ಎಚ್ಚರಿಕೆ ಬೇಕು: ಅವರ ದೇಶದಲ್ಲಿ ಮುಂದಿನ ಬ್ರೇಕ್ ಎಡಗೈಗೆ ಬರುತ್ತದೆ, ಇಲ್ಲಿ ಮತ್ತು ನಮ್ಮಲ್ಲಿ ಅದು ಬಲಗೈಯದು.

ಸ್ಕೂಟರ್ ರೂಢಿಯಾದವರಲ್ಲಿ ನಾನು ಕಂಡ ಬೇರೆಯೇ ಒಂದು ತೊಡಕಿದೆ. ಅವರ ಬಲಗೈ ತನಗೆ ತಿಳಿಯದೆಯೇ ಹಿಡಿಯನ್ನು ತಿರುಚುತ್ತದೆ. ನಮ್ಮ ಸೈಕಲ್ಲುಗಳಲ್ಲಿ ಆಕ್ಸಿಲರೇಟರ್ ಇಲ್ಲ, ಆದ್ದರಿಂದ ಅದರಿಂದ ಹಾನಿಯೇನೂ ಇಲ್ಲ. ಅಪಾಯವಿರುವುದು ಕಾಲಿನಲ್ಲಿ. ನಿಂತಿರುವಾಗ ಪೆಡಲಿನ ಮೇಲೆ ಸುಮ್ಮನೆ ಪಾದವಿಟ್ಟು ಭಾರ ಹಾಕಿದರೆ, ಬ್ರೇಕ್ ಹಿಡಿದಿರದಿದ್ದರೆ, ಮೋಟಾರು ಅದನ್ನು ತುಳಿತವೆಂದೇ ತಿಳಿದು ಸೈಕಲ್ಲನ್ನು ಮುಂದಕ್ಕೆ ಚಿಮ್ಮಿಸುತ್ತದೆ. ಸರೋವರದ ಅಂಚಿನಲ್ಲಿ ಫೋಟೋಗೆ ನಿಂತವರು ಹೀಗೆ ಒಂದೆರಡು ಅಡಿ ಮುಂದೆ ಹೋದದ್ದನ್ನು ನಾನು ನೋಡಿದ್ದೇನೆ. ಆದ್ದರಿಂದ ನಿಂತಾಗಲೆಲ್ಲ ಎರಡು ಬೆರಳು ಬ್ರೇಕಿನ ಮೇಲೆ, ಎರಡು ಪಾದ ನೆಲದ ಮೇಲೆ.

ಹುಲ್ಲುಹಾಸಿನ ನಂತರ ಮನೆಯ ಮೆಟ್ಟಿಲಸಾಲಿನಷ್ಟೇ ಎತ್ತರದ ಒಂದು ಚಿಕ್ಕ ದಿಬ್ಬಕ್ಕೆ ಕರೆದೊಯ್ಯುತ್ತೇನೆ. ಅಲ್ಲಿ ಸೈಕಲ್ಲನ್ನು ತಳ್ಳಿಕೊಂಡೇ ಹತ್ತಬೇಕು, ಸವಾರಿ ಮಾಡುತ್ತ ಇಳಿಯಬೇಕು. ಯಾರ ಕಣ್ಣು ತಿರುವಿನ ಆಚೆಗಿರುತ್ತದೆ, ಯಾರ ಕಣ್ಣು ಮುಂದಿನ ಚಕ್ರಕ್ಕೆ ಅಂಟಿಕೊಂಡಿರುತ್ತದೆ, ಯಾರ ಭುಜ ಕಿವಿಯ ಮಟ್ಟಕ್ಕೆ ಏರಿರುತ್ತದೆ ಎಂಬುದು ಅಲ್ಲಿ ಒಂದೇ ನೋಟಕ್ಕೆ ತಿಳಿಯುತ್ತದೆ. ಆ ದಿನದ ದಾರಿ ಯಾವುದೆಂಬುದನ್ನು ನಾನು ನಿರ್ಧರಿಸುವುದು ಈ ದಿಬ್ಬದ ಬುಡದಲ್ಲಿ ನಿಂತು, ಅತ್ಯಂತ ಹೆದರಿದವರು ಇಳಿದದ್ದನ್ನು ನೋಡಿದ ಮೇಲೆಯೇ. ಜೊತೆಗೆ ಇನ್ನೊಬ್ಬ ಮಾರ್ಗದರ್ಶಿಯಿದ್ದರೆ ಇಳಿಜಾರಿನಲ್ಲಿ ಅವರು ಕೊನೆಯಲ್ಲಿರಬೇಕು; ನಾನೊಬ್ಬನೇ ಇದ್ದರೆ ಒಬ್ಬೊಬ್ಬರನ್ನೇ ಇಳಿಸುತ್ತೇನೆ. ತರುಣರ ವಿಷಯದಲ್ಲಿ ನನ್ನ ಚಿಂತೆ ತಿರುವುಮುರುವು: ಅವರು ಬೀಳುವುದಕ್ಕಿಂತ, ಪಾದಚಾರಿಗಳೂ ಬಳಸುವ ಈ ದಾರಿಯ ಕುರುಡು ತಿರುವಿನಲ್ಲಿ ಯಾರಿಗಾದರೂ ಗುದ್ದುವ ಭಯವೇ ಹೆಚ್ಚು.

ಬ್ಯಾಟರಿಯ ಬಗ್ಗೆ ಒಂದು ಮಾತು. ಕಿಲೋಮೀಟರ್ ನೋಡಿ ಬ್ಯಾಟರಿಯ ಲೆಕ್ಕ ಹಾಕಿದರೆ ಮೋಸ ಹೋಗುತ್ತೇವೆ, ಏಕೆಂದರೆ ಹೆದರಿದವರು ಸಮತಟ್ಟಿನಲ್ಲೂ ಟರ್ಬೋ ಬಿಟ್ಟು ಇಳಿಯುವುದಿಲ್ಲ. ಎದುರುಗಾಳಿಯಿದ್ದರೆ ಬ್ಯಾಟರಿ ನೋಡನೋಡುತ್ತಲೇ ಖಾಲಿಯಾಗುತ್ತದೆ, ಚಳಿಗಾಲದಲ್ಲಿ ಲಿಥಿಯಂ ಬ್ಯಾಟರಿಯ ಕಸುವು ಮೊದಲೇ ಕುಗ್ಗಿರುತ್ತದೆ. ನಾವು ಅವನ್ನು ರಾತ್ರಿ ಒಳಗಿನ ಬೆಚ್ಚನೆಯ ಕೋಣೆಯಲ್ಲಿಟ್ಟು, ಹೊರಡುವ ಹೊತ್ತಿಗೆ ಮಾತ್ರ ಸೈಕಲ್ಲಿಗೆ ಹಾಕುತ್ತೇವೆ. ಅರ್ಧ ದಾರಿಯಲ್ಲಿ ಯಾರದಾದರೂ ಮುಗಿದರೆ ನನ್ನ ಬ್ಯಾಟರಿಯನ್ನು ಅವರಿಗೆ ಕೊಟ್ಟು, ಆ 25 ಕಿಲೋದ ಸೈಕಲ್ಲನ್ನು ನಾನು ಬರೀ ಕಾಲಿನ ಬಲದಲ್ಲಿ ತುಳಿದುಕೊಂಡು ಬರುತ್ತೇನೆ. ಇದು ದೈಹಿಕ ಕಷ್ಟ ಅಷ್ಟೇ, ಅಪಾಯವಲ್ಲ.

ಕಳೆದ ತಿಂಗಳು ದಾವಣಗೆರೆಯಿಂದ ಬಂದಿದ್ದ ಹಿರಿಯ ದಂಪತಿಯಲ್ಲಿ ಯಜಮಾನರು ಆ ಚಿಕ್ಕ ದಿಬ್ಬದ ಮೇಲೆ ಎರಡು ಬಾರಿಯೂ ಕಾಲೂರಿ ನಿಂತುಬಿಟ್ಟರು. ಅವರು ಜಾಕ್ಸ್ ಪಾಯಿಂಟಿಗೆಂದೇ ಬುಕ್ ಮಾಡಿದ್ದರು. "ಸರ್, ಇವತ್ತು ಆ ದಾರಿ ಬೇಡ, ನೀರಿನ ಅಂಚಿನಲ್ಲೇ ಹೋಗೋಣ" ಎಂದು ನಾನು ಹೇಳಿದಾಗ ಅವರ ಮುಖ ಸಣ್ಣದಾಯಿತು, ಹೆಂಡತಿ ಮಾತ್ರ "ಅಷ್ಟೇ ಸಾಕು ಬಿಡ್ರಿ" ಎಂದರು. ಫ್ರಾಂಕ್ಟನ್ ಕೊಲ್ಲಿಯನ್ನು ಬಳಸಿಕೊಂಡು ಕೆಲ್ವಿನ್ ಹೈಟ್ಸ್‌ನ ಮೂಲೆಯವರೆಗೆ, ಏರಿಳಿತ ಹೆಚ್ಚಿಲ್ಲದ ದಾರಿಯಲ್ಲಿ ನಾವು ಮೂವರೂ ನಿಧಾನವಾಗಿ ಹೋದೆವು. ಅಲ್ಲಿ ದಡದಲ್ಲಿ ಕುಳಿತು, ಈ ಸರೋವರದ ನೀರು ಗಾಳಿಯಿಲ್ಲದಾಗಲೂ ಅರ್ಧ ಗಂಟೆಯೊಳಗೆ ಸುಮಾರು 10 ಸೆಂಟಿಮೀಟರ್ ಏರಿ ಇಳಿಯುತ್ತದೆಯೆಂದೂ, ತಳದಲ್ಲಿ ಮಲಗಿರುವ ಮಾತಾವು ಎಂಬ ದೈತ್ಯನ ಎದೆಬಡಿತ ಅದೆಂದು ಮಾವೋರಿ ಜನರ ಕಥೆಯಿದೆಯೆಂದೂ ಹೇಳಿದೆ. ಯಜಮಾನರು ನೀರಿನ ಗೆರೆಗೆ ಸರಿಯಾಗಿ ಒಂದು ಚಪ್ಪಟೆ ಕಲ್ಲನ್ನಿಟ್ಟು, ವಾಚು ನೋಡಿಕೊಂಡು ಕಾದರು. ಫ್ಲಾಸ್ಕಿನ ಚಹಾ ಮುಗಿಯುವ ಹೊತ್ತಿಗೆ ಕಲ್ಲಿನ ಮೇಲ್ಮೈ ಒದ್ದೆಯಾಗಿತ್ತು. ಅವರು ಹೆಂಡತಿಯನ್ನು ಕೂಗಿ ಕರೆದು ಅದನ್ನು ಎರಡು ಸಲ ತೋರಿಸಿದರು.