ಆಚೆ ಕಡೆಯ ಕಿಟಕಿ

ಇವತ್ತು ಡಿಗ್ರಿ ಮಕ್ಕಳಿಗೆ ಅಮೆರಿಕದ 1793ರ ತಟಸ್ಥ ಘೋಷಣೆಯ ಪಾಠ. ಹೊರಗೆ ಮಂಗಳೂರಿನ ಮಳೆ, ನನ್ನ ಸ್ವರ ನನಗೇ ಕೇಳ್ತಿರಲಿಲ್ಲ.

ಫ್ರಾನ್ಸ್‌ಗೂ ಬ್ರಿಟನ್ನಿಗೂ ಯುದ್ಧ, ಅಮೆರಿಕದ ಅಧ್ಯಕ್ಷ ವಾಷಿಂಗ್ಟನ್ ಯಾರ ಪರವೂ ಹೋಗಲಿಲ್ಲ ಅಂದೆ.

ಹಿಂದಿನ ಬೆಂಚಿನಿಂದ ಒಬ್ಬಳು, "ಸರ್, 1778ರಲ್ಲಿ, ಅಮೆರಿಕದ ಸ್ವಾತಂತ್ರ್ಯ ಯುದ್ಧದ ಹೊತ್ತಿಗೆ, ಇದೇ ಫ್ರಾನ್ಸ್ ಜೊತೆ ಮೈತ್ರಿ ಒಪ್ಪಂದ ಉಂಟಲ್ಲ? ಕಷ್ಟಕ್ಕೆ ಆದವರನ್ನು ಹೀಗೆ ಬಿಡುವುದಾ?"

ಚಾಕ್‌ಪೀಸ್ ಕೈಯಲ್ಲೇ ಉಳೀತು. ಅಮೆರಿಕದ ತಲೆ ಮೇಲೆ ಸಾಲ, ನೌಕಾಪಡೆಯೇ ಇರಲಿಲ್ಲ ಅಂತೆಲ್ಲ ಹೇಳಿದೆ. ತಲೆಯಾಡಿಸಿದಳು. ಒಪ್ಪಿದ ಹಾಗೆ ಕಾಣಲಿಲ್ಲ.

ಸಂಜೆ ಸ್ಟೇಟ್‌ಬ್ಯಾಂಕ್ ಬಸ್ಸಲ್ಲಿ ನೇತಾಡ್ತಾ ಬರುವಾಗ ನೆನಪಾಯ್ತು. ನಾವು ಮನೆ ಕಟ್ಟುವಾಗ ಕೈಸಾಲ ಕೊಟ್ಟವರು ಪಕ್ಕದ ಮನೆಯವರು. ಈಗ ಅವರಿಗೂ ಅವರ ತಮ್ಮನಿಗೂ ಬಾವಿಯ ತಕರಾರು.

ಎರಡು ತಿಂಗಳಾಯ್ತು, ಆ ಕಡೆಯ ಕಿಟಕಿ ನಾನು ತೆಗೆದೇ ಇಲ್ಲ ಮಾರಾಯ್ರೆ.