ನೂರು ಮೀಟರ್‌ಗೆ ಯಾವ ತೋಟೆ?

ಜನವರಿಯ ಆ ಭಾನುವಾರ ಬೆಳಗ್ಗೆ ಏಳಕ್ಕೆ ನಾನು ನಮ್ಮ ಶೂಟಿಂಗ್ ಕ್ಲಬ್ಬಿನ ರೇಂಜ್ ತಲುಪಿದಾಗ ಸುಬೇದಾರ್ರು ಆಗಲೇ ಬಂದು ಕೂತಿದ್ದರು. ಮೇಜಿನ ಮೇಲೆ ಪಾಯಿಂಟ್ ಟೂ ಟೂ, ಅಂದರೆ 0.22 ಇಂಚು ದಪ್ಪದ ಗುಂಡಿನ ತೋಟೆಯ ನಾಲ್ಕು ಡಬ್ಬ. ನಾಲ್ಕಕ್ಕೂ ಹಳೇ ಉದಯವಾಣಿ ಹಾಳೆ ಸುತ್ತಿ ಮೇಲೆ ಅ, ಆ, ಇ, ಈ ಅಂತ ಪೆನ್ನಲ್ಲಿ ಬರೆದಿದ್ದರು.

"ಎಂತ ಸರ್ ಇದು?" ಅಂದೆ.

"ಯಾವುದು ಯಾವ ಕಂಪನಿದು ಅಂತ ನಿನಗೆ ಗೊತ್ತಾಗುದು ಬೇಡ ಮಾರಾಯ. ಗೊತ್ತಾದ್ರೆ ದುಬಾರಿದು ಹೊಡೆಯುವಾಗ ನೀನು ಜಾಸ್ತಿ ಜಾಗ್ರತೆ ಮಾಡ್ತಿ. ಅಗ್ಗದ್ದು ಸಿಕ್ಕಿದ್ರೆ ಸಡಿಲ ಬಿಡ್ತಿ. ಮತ್ತೆ ಲೆಕ್ಕ ಎಲ್ಲಿ ಸರಿಯಾಗ್ತದೆ?"

ಅವರು ಸೈನ್ಯದಿಂದ ನಿವೃತ್ತರಾಗಿ ಊರಿಗೆ ಬಂದವರು. ಕ್ಲಬ್ಬಿನಲ್ಲಿ ಎಲ್ಲರಿಗೂ ಅವರು ಸುಬೇದಾರ್ರೇ. ಅವರ ಮಾತು ನನಗೆ ಅರ್ಥವಾಯಿತು, ಯಾಕೆಂದರೆ ಅದಕ್ಕೆ ಎರಡು ತಿಂಗಳ ಹಿಂದೆ ನಾನು ಸರಿಯಾಗಿಯೇ ಪೆಟ್ಟು ತಿಂದಿದ್ದೆ.

ಆಗಿದ್ದು ಇಷ್ಟು. 2024ರ ಆಗಸ್ಟ್ 1ರಂದು ಸ್ವಪ್ನಿಲ್ ಕುಸಾಳೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ತ್ರೀ ಪೊಸಿಷನ್‌ನಲ್ಲಿ (ಮಂಡಿಯೂರಿ, ಮಲಗಿ, ನಿಂತು ಹೊಡೆಯುವ ಸ್ಪರ್ಧೆ) ಕಂಚು ಗೆದ್ದರಲ್ಲ, ಅದನ್ನು ಟೀವಿಯಲ್ಲಿ ನೋಡಿದ ಮೇಲೆ ನನ್ನ ತಲೆಯಲ್ಲಿ ಬೇರೆ ಏನೂ ಉಳಿಯಲಿಲ್ಲ. ಅದುವರೆಗೆ ನಾನು 10 ಮೀಟರ್ ಏರ್ ರೈಫಲ್ ಮಾತ್ರ ಹೊಡೆಯುತ್ತಿದ್ದೆ. ಕ್ಲಬ್ಬಿನಲ್ಲಿ ಹಳೆಯದೊಂದು ಪಾಯಿಂಟ್ ಟೂ ಟೂ ರೈಫಲ್, ಅನ್ಶುಟ್ಜ್ 1903 ಇತ್ತು, ಅದನ್ನು ಕೇಳಿ ಕೇಳಿ ಹಿಡಿದುಕೊಂಡೆ. ಮಲಗಿ ಹೊಡೆಯುವುದನ್ನು ಕಲಿತೆ. ಆದರೆ ತೋಟೆಯ ವಿಷಯದಲ್ಲಿ ಕಡಿಮೆ ಬೆಲೆ ಯಾವುದೋ ಅದೇ ಸಾಕು ಅಂದುಕೊಂಡೆ. ಸಂಬಳದ ಮನುಷ್ಯ, ಮನೆ ಸಾಲ ಬೇರೆ ಉಂಟು. ಏರ್ ರೈಫಲ್‌ನ ಪೆಲೆಟ್‌ಗೆ ಖರ್ಚು ಅಂತ ಲೆಕ್ಕವೇ ಇಡುತ್ತಿರಲಿಲ್ಲ. ಇಲ್ಲಿ ಒಂದು ಸಲ ಅಭ್ಯಾಸಕ್ಕೆ ಕೂತರೆ ಒಂದು ಡಬ್ಬ, ಅಂದರೆ 50 ತೋಟೆ, ಗೊತ್ತಾಗದ ಹಾಗೆ ಮುಗಿಯುತ್ತದೆ. ಹಾಗಾಗಿ ಸಿಕ್ಕಿದ ಅಗ್ಗದ ಹೈ ವೆಲಾಸಿಟಿ ತೋಟೆಯನ್ನು ಒಟ್ಟಿಗೆ 500 ತೆಗೆದುಕೊಂಡೆ. ಡಬ್ಬದ ಮೇಲೆ ವೇಗ ಜಾಸ್ತಿ ಅಂತ ಬರೆದಿತ್ತು. ವೇಗ ಜಾಸ್ತಿ ಇದ್ದರೆ ಗುಂಡು ನೇರ ಹೋಗುತ್ತದೆ, ಗಾಳಿಗೂ ಕಡಿಮೆ ಸಿಗುತ್ತದೆ, ಅಲ್ವಾ? ನಾನು ಹಾಗೇ ನಂಬಿದ್ದೆ.

ಕ್ಲಬ್ಬಿನ ಒಳಗಿನ ಸ್ಪರ್ಧೆಯಲ್ಲಿ 60 ಈಡು ಹೊಡೆದು ಎದ್ದಾಗ ಟಾರ್ಗೆಟ್ ನೋಡಿ ಕಣ್ಣಲ್ಲಿ ನೀರು ಬಂತು. ಹತ್ತಕ್ಕೆ ಹೊಡೆದೆ ಅಂತ ಮೈಯೆಲ್ಲ ಹೇಳುತ್ತಿದ್ದ ಈಡು ಎಂಟರಲ್ಲಿ ಇತ್ತು. 50 ಮೀಟರ್ ಟಾರ್ಗೆಟ್‌ನಲ್ಲಿ ಹತ್ತರ ವೃತ್ತ ಬರೀ 10.4 ಮಿಲಿಮೀಟರ್. ಗುಂಡಿನ ದಪ್ಪವೇ 5.6 ಮಿಲಿಮೀಟರ್. ಅಲ್ಲಿ ತೋಟೆ ತಪ್ಪಿದರೂ ಮನುಷ್ಯ ತಪ್ಪಿದರೂ ಕಾಗದದ ಮೇಲೆ ಒಂದೇ ತರಹ ಕಾಣುತ್ತದೆ. ಎರಡು ತಿಂಗಳು ನಾನು ನನ್ನ ಉಸಿರು, ನನ್ನ ಮೊಣಕೈ, ನನ್ನ ಬೆರಳು ಅಂತ ನನ್ನನ್ನೇ ತಿದ್ದುತ್ತಾ ಕೂತೆ. ಆ ಎರಡು ತಿಂಗಳು ಹೋದದ್ದಕ್ಕೆ ಈಗಲೂ ಬೇಸರವಿದೆ.

ಸುಬೇದಾರ್ರು ಒಂದು ದಿನ ನನ್ನ ಡಬ್ಬ ನೋಡಿದವರು, "ಇದರಲ್ಲಿ ಹೊಡೆದು ನಿನ್ನನ್ನು ಬೈದುಕೊಳ್ಳುದಾ? ಬಾ, ನೂರು ಮೀಟರ್‌ನಲ್ಲಿ ಒಂದು ದಿನ ನೋಡಿಯೇ ಬಿಡುವ" ಅಂದರು.

ನೂರು ಮೀಟರ್ ಯಾಕೆ ಅಂದರೆ 50ರಲ್ಲಿ ತೋಟೆ ತನ್ನ ತಪ್ಪು ಮುಚ್ಚಿಡುತ್ತದೆ. ಗಂಟೆಗೆ ಸಾವಿರ ಕಿಲೋಮೀಟರ್‌ಗೂ ಹೆಚ್ಚು ವೇಗದಲ್ಲಿ ಹೊರಟರೂ ಈ ಪುಟ್ಟ ಸೀಸದ ಗುಂಡು ಹೋಗುತ್ತಾ ಕೆಳಗೆ ಬೀಳುತ್ತಲೇ ಇರುತ್ತದೆ. 50 ಮೀಟರ್ ತಲುಪುವಾಗ ನಳಿಗೆಯ ನೇರಕ್ಕಿಂತ ಸುಮಾರು 12 ಸೆಂಟಿಮೀಟರ್ ಕೆಳಗೆ ಬಂದಿರುತ್ತದೆ. ನೂರಕ್ಕೆ ಹೋಗುವಾಗ ಸುಮಾರು ಅರ್ಧ ಮೀಟರ್. ದೂರ ಎರಡು ಪಟ್ಟು, ಬೀಳುವುದು ನಾಲ್ಕು ಪಟ್ಟು. ಹೊರದೇಶಗಳಲ್ಲಿ ಇದೇ ಪಾಯಿಂಟ್ ಟೂ ಟೂದಲ್ಲಿ 200, 300 ಮೀಟರ್ ದೂರದ ಗುರಿ ಹೊಡೆಯುವವರಿದ್ದಾರೆ, ಅಲ್ಲಂತೂ ತೋಟೆ ಒಂದೇ ಸಮ ಇಲ್ಲದಿದ್ದರೆ ಆಟವೇ ಇಲ್ಲ.

ನಮ್ಮ ರೇಂಜ್ ಮುರಕಲ್ಲು ಕಡಿದ ಗುಡ್ಡದ ಬದಿಯಲ್ಲಿದೆ. ಹಿಂದೆ ಎತ್ತರದ ಮಣ್ಣಿನ ದಿಬ್ಬ. ಮಂಗಳೂರಿನಲ್ಲಿ ಗುರಿ ಪರೀಕ್ಷೆ ಮಾಡುವುದಾದರೆ ಬೆಳಗ್ಗೆಯೇ ಮಾಡಬೇಕು. ಆಗ ಘಟ್ಟದ ಕಡೆಯಿಂದ ತಣ್ಣಗೆ ಸಣ್ಣ ಗಾಳಿ, ಕೆಲವೊಮ್ಮೆ ಅದೂ ಇಲ್ಲ. ಬಿಸಿಲು ಏರಿದ ಮೇಲೆ ಕಡಲ ಗಾಳಿ ಶುರುವಾಗುತ್ತದೆ, ಮತ್ತೆ ಸಂಜೆವರೆಗೆ ನಿಲ್ಲುವುದಿಲ್ಲ. ಸೆಕೆಂಡಿಗೆ 3 ಮೀಟರ್ ಅಡ್ಡಗಾಳಿ ಅಂದರೆ ಬಾವುಟ ಸುಮ್ನೆ ಅಲ್ಲಾಡುವಷ್ಟು. ಅದು ಸಾಕು ನೂರು ಮೀಟರ್‌ನಲ್ಲಿ ಗುಂಡನ್ನು ನಾಲ್ಕು ಬೆರಳಗಲ ಪಕ್ಕಕ್ಕೆ ತಳ್ಳಲು.

ರೈಫಲನ್ನು ಮರಳಿನ ಚೀಲದ ಮೇಲೆ ಇಟ್ಟೆವು. ಇವತ್ತು ನನ್ನ ಕೈಯ ಪರೀಕ್ಷೆ ಅಲ್ಲ, ತೋಟೆಯದು. ಸುಬೇದಾರ್ರು ಒಂದು ನಿಯಮ ಹಾಕಿದರು. ಒಂದು ತೋಟೆಯಿಂದ ಇನ್ನೊಂದಕ್ಕೆ ಹೋದಾಗ ಮೊದಲ 15 ಈಡು ಲೆಕ್ಕಕ್ಕಿಲ್ಲ, ದಿಬ್ಬಕ್ಕೆ. ಈ ಗುಂಡುಗಳ ಮೇಲೆ ಮೇಣದಂತಹ ಒಂದು ಪದರ ಇರುತ್ತದೆ. ಒಂದೊಂದು ಕಂಪನಿಯದು ಒಂದೊಂದು ತರಹ. ಹಳೆಯದರ ಮೇಣ ಹೋಗಿ ಹೊಸತು ನಳಿಗೆಯೊಳಗೆ ಸಮನಾಗಿ ಹಿಡಿಯುವವರೆಗೆ ಗುಂಡುಗಳು ಎಲ್ಲೆಲ್ಲೋ ಹೋಗುತ್ತವೆ. ನಾನು ಮುಂಚೆ ಒಂದೇ ದಿನ ಮೂರು ತರಹದ ತೋಟೆಯನ್ನು ಐದೈದರಂತೆ ಹೊಡೆದು ಇದು ಒಳ್ಳೆಯದು, ಅದು ಕೆಟ್ಟದ್ದು ಅಂತ ತೀರ್ಮಾನ ಮಾಡಿದ್ದೆನಲ್ಲ, ಆ ತೀರ್ಮಾನಕ್ಕೆ ಅರ್ಥವೇ ಇರಲಿಲ್ಲ. 15 ಆದ ಮೇಲೆ ಐದೈದು ಈಡಿನ ನಾಲ್ಕು ಗ್ರೂಪ್. ಒಂದು ಗ್ರೂಪಿನಲ್ಲಿ ತೀರಾ ದೂರದ ಎರಡು ತೂತುಗಳ ನಡುವಿನ ಅಂತರವೇ ಅದರ ಅಳತೆ, ಅದು ಕಡಿಮೆ ಇದ್ದಷ್ಟೂ ಒಳ್ಳೆಯದು. ಒಂದು ತೋಟೆಗೆ ಒಟ್ಟು 35. ನಾಲ್ಕಕ್ಕೆ 140. "ಐದು ಈಡು ಒಂದು ಸಲ ಒಟ್ಟಿಗೆ ಬೀಳುದು ಅದೃಷ್ಟ ಸಹ ಆಗಬಹುದು. ನಾಲ್ಕು ಸಲ ಬಿದ್ರೆ ನಂಬುವ" ಅಂದರು.

'ಅ' ಮೊದಲ ಈಡಿಗೇ ಗೊತ್ತಾಯಿತು, ಶಬ್ದದಿಂದ. ಚಟೀರ್ ಅಂತ ಸಿಡಿಯಿತು. ನನ್ನದೇ ಹೈ ವೆಲಾಸಿಟಿ. ಗ್ರೂಪ್ ನಾಲ್ಕೂ ಅಂಗೈಯಗಲ ಹರಡಿದವು, ಸರಾಸರಿ 74 ಮಿಲಿಮೀಟರ್. ಯಾಕೆ ಅಂತ ಸುಬೇದಾರ್ರು ಕಾಗದದ ಮೇಲೆ ಗೀಟು ಹಾಕಿ ಹೇಳಿದರು. ಬೆಳಗ್ಗೆ 25 ಡಿಗ್ರಿ ಬಿಸಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 346 ಮೀಟರ್. ಹೈ ವೆಲಾಸಿಟಿ ಗುಂಡು ಅದಕ್ಕಿಂತ ಮೇಲೆ, 375ರ ಆಸುಪಾಸಿನಲ್ಲಿ ಹೊರಡುತ್ತದೆ. ಹೋಗುತ್ತಾ ನಿಧಾನವಾಗುತ್ತದೆ, ದಾರಿ ಮಧ್ಯದಲ್ಲಿ ಶಬ್ದದ ವೇಗದ ಗಡಿ ದಾಟಿ ಕೆಳಗೆ ಇಳಿಯುತ್ತದೆ. ಆ ಗಡಿಯಲ್ಲಿ ಗಾಳಿ ಅದನ್ನು ಅಲುಗಿಸುತ್ತದೆ. ಆ ವೇಗದಲ್ಲಿ ಗಾಳಿಯ ತಡೆಯೂ ಬಹಳ ಜಾಸ್ತಿ, ಅದಕ್ಕೇ ಅಡ್ಡಗಾಳಿಗೆ ಅದು ನಿಧಾನದ ಗುಂಡಿಗಿಂತ ಹೆಚ್ಚು ಸರಿಯುತ್ತದೆ. ನಾನು ನಂಬಿದ್ದು ಪೂರ್ತಿ ಉಲ್ಟಾ. ಗುರಿ ಸ್ಪರ್ಧೆಯವರು ಬಳಸುವ ತೋಟೆಗಳು 320, 330 ಮೀಟರ್‌ನಲ್ಲಿ, ಶಬ್ದಕ್ಕಿಂತ ಕೆಳಗೇ ಹೊರಡುತ್ತವೆ, ಕೊನೆಯವರೆಗೆ ಕೆಳಗೇ ಇರುತ್ತವೆ. ಏಲಿ ಇರಲಿ, ಎಸ್‌ಕೆ, ಲಾಪುವಾ, ಆರ್‌ಡಬ್ಲ್ಯೂಎಸ್ ಇರಲಿ, ಅವುಗಳ ಮ್ಯಾಚ್ ತೋಟೆ ಎಲ್ಲ ಹೀಗೇ.

'ಆ' ಆಡಿದ ಆಟವೇ ಬೇರೆ. ಇದೂ ಅಗ್ಗದ್ದು ಅಂತ ಆಮೇಲೆ ಗೊತ್ತಾಯಿತು, ಆದರೆ ವೇಗ ಕಡಿಮೆಯದು. ಎಡಕ್ಕೆ ಬಲಕ್ಕೆ ಚೆನ್ನಾಗಿಯೇ ಇತ್ತು. ಮೇಲೆ ಕೆಳಗೆ ಮಾತ್ರ ಏಣಿ ಮೆಟ್ಟಿಲಿನ ಹಾಗೆ ಉದ್ದಕ್ಕೆ ನಿಂತಿತ್ತು. 35ರಲ್ಲಿ ಒಂದು ಠುಸ್ ಅಂತು. ರೈಫಲನ್ನು ದಿಬ್ಬದ ಕಡೆಗೇ ಹಿಡಿದು ಅರ್ಧ ನಿಮಿಷ ಕಾದು ಆಮೇಲೆ ಬೋಲ್ಟ್ ತೆಗೆದೆ. ಪಾಯಿಂಟ್ ಟೂ ಟೂ ಅಂದರೆ ರಿಮ್‌ಫೈರ್ ತೋಟೆ. ಅದರಲ್ಲಿ ಕಿಡಿ ಹಾಕುವ ಮದ್ದು ನಡುವೆ ಇರುವುದಿಲ್ಲ, ಹಿತ್ತಾಳೆಯ ಹಿಂದಿನ ಅಂಚಿನ ಒಳಗೆ ಸುತ್ತಲೂ ತುಂಬಿರುತ್ತದೆ. ಪಿನ್ ಬಡಿದ ಜಾಗದಲ್ಲಿ ಆ ಮದ್ದು ಇಲ್ಲದಿದ್ದರೆ ತೋಟೆ ಹೊತ್ತುವುದಿಲ್ಲ. ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಇದ್ದರೆ ಹೊತ್ತುತ್ತದೆ, ಆದರೆ ಒಂದೇ ವೇಗ ಬರುವುದಿಲ್ಲ. ಸೆಕೆಂಡಿಗೆ 10 ಮೀಟರ್ ವ್ಯತ್ಯಾಸವಾದರೆ ನೂರು ಮೀಟರ್‌ನಲ್ಲಿ ಎರಡೂವರೆಯಿಂದ ಮೂರು ಸೆಂಟಿಮೀಟರ್ ಮೇಲೆ ಕೆಳಗೆ. ಅದೇ ಆ ಏಣಿ.

ಆ ಏಣಿ ನೋಡುವಾಗ ನನಗೆ ಅಜ್ಜ ನೆನಪಾದರು. ಬೆಳ್ತಂಗಡಿ ಕಡೆಯ ಅಡಿಕೆ ತೋಟಕ್ಕೆ ಹಂದಿ ಕಾಟ ಅಂತ ಅವರ ಹತ್ತಿರ ಲೈಸೆನ್ಸಿನ ಕೇಪಿನ ಕೋವಿ ಇತ್ತು. ಸಣ್ಣದೊಂದು ಹಿತ್ತಾಳೆ ಅಳತೆಯಲ್ಲಿ ಮದ್ದು ತೆಗೆದು, ಹೆಬ್ಬೆರಳಿನ ಉಗುರಿನಿಂದ ಮೇಲಿನದನ್ನು ಸವರಿ ತೆಗೆದೇ ನಳಿಗೆಗೆ ಹಾಕುತ್ತಿದ್ದರು. ಕತ್ತಲಾಗುತ್ತಿದೆ ಅಂತ ಅಜ್ಜಿ ಕರೆದರೂ ಉಗುರಿನಿಂದ ಸವರುವುದು ಬಿಟ್ಟವರಲ್ಲ. ನಾನು ಸುಬೇದಾರ್ರಿಗೆ ಇದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ಅಜ್ಜನಿಗೆ ಗೊತ್ತಿತ್ತು ನೋಡು" ಅಂದರು.

ಒಂಬತ್ತೂವರೆಗೆ ಬನ್ಸ್ ತಿಂದು ಚಹಾ ಕುಡಿದು ಮತ್ತೆ ಮಲಗಿದೆ. 'ಇ' ಹಾಕಿದ ಕೂಡಲೇ ನನಗೆ ಏನೋ ಹಿತ ಅನಿಸಿತು. ಶಬ್ದ ಸಣ್ಣದು, ಒಂದೇ ಸಮ. ನಾಲ್ಕು ಗ್ರೂಪ್: 36, 31, 38, 33 ಮಿಲಿಮೀಟರ್. ವರ್ನಿಯರ್ ಹಿಡಿದು ಅಳೆಯುವಾಗ ನನ್ನ ಕೈ ನಡುಗುತ್ತಿತ್ತು, ಖುಷಿಗೆ. 'ಈ' ಕೂಡ ಚೆನ್ನಾಗಿತ್ತು: 30, 44, 34, 39. ಅಷ್ಟರಲ್ಲಿ ಬಾವುಟ ತಿರುಗಲು ಶುರುವಾಗಿತ್ತು, ಹಾಗಾಗಿ 'ಈ'ಗೆ ಸ್ವಲ್ಪ ಅನ್ಯಾಯ ಆಗಿರಬಹುದು ಅಂತ ಸುಬೇದಾರ್ರು, ಮುಂದಿನ ವಾರ ಅದನ್ನೇ ಮೊದಲು ಇಟ್ಟು ಇನ್ನೊಮ್ಮೆ ಹೊಡೆಸಿದರು. ಆಗಲೂ ಎರಡರ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ.

ಮೊದಲ ಭಾನುವಾರವೇ ಹೊಡೆದು ಮುಗಿಸಿ ಹಾಳೆ ಬಿಚ್ಚಿದಾಗ 'ಈ' ಅತಿ ದುಬಾರಿಯದು. ಅದರ ಒಂದು ಡಬ್ಬದ ಬೆಲೆಗೆ 'ಇ' ಎರಡು ಡಬ್ಬ ಬಂದು ಇನ್ನೂ ಚಿಲ್ಲರೆ ಉಳಿಯುತ್ತದೆ. 'ಇ' ಅಂದರೆ ಎಸ್‌ಕೆ ಸ್ಟ್ಯಾಂಡರ್ಡ್ ಪ್ಲಸ್. ಹಾಗಂತ ಎಲ್ಲರೂ ಅದನ್ನೇ ಕೊಳ್ಳಿ ಅಂತ ನಾನು ಹೇಳುವುದಿಲ್ಲ. ಪಕ್ಕದ ಲೇನಿನ ಹುಡುಗಿಯ ರೈಫಲ್‌ಗೆ ಇದೇ ಡಬ್ಬದ ತೋಟೆ ಹಿಡಿಸಲೇ ಇಲ್ಲ, ಅವಳದ್ದು ಏಲಿ ಕ್ಲಬ್‌ಗೆ ಎಷ್ಟು ಚಂದ ಹೊಡೆಯಿತು ಅಂದರೆ ನಾವೆಲ್ಲ ನಿಂತು ನೋಡಿದೆವು. ಒಂದೊಂದು ನಳಿಗೆಯ ಒಳಗೂ ಒಂದೊಂದು ತರಹ. ಅದನ್ನು ಕೇಳಿ ತಿಳಿಯಲು ಆಗುವುದಿಲ್ಲ, ಹೊಡೆದೇ ನೋಡಬೇಕು.

ನಡುವೆ ಇನ್ನೊಂದು ಪ್ರಯತ್ನವೂ ಆಯಿತು. ನನ್ನ ಭಾವನಿಗೆ ಚಿನ್ನದ ಅಂಗಡಿ ಇದೆ. ಅವನ ಹತ್ತಿರ ಹಳೆಯ ತಕ್ಕಡಿ ಕೇಳಿ ರೇಂಜಿಗೆ ತಂದು 'ಆ' ತೋಟೆಗಳನ್ನು ಒಂದೊಂದಾಗಿ ತೂಗಿದೆ. ಒಂದೇ ತೂಕದವನ್ನು ಬೇರೆ ಮಾಡಿ ಹೊಡೆದರೆ ಅಗ್ಗದ್ದೂ ಚೆನ್ನಾಗಿ ಬಂದೀತು ಅಂತ ಆಸೆ. ಒಂದು ತೋಟೆ ಮೂರು ಗ್ರಾಂ ಚಿಲ್ಲರೆ. ಅದರಲ್ಲಿ ಹೆಚ್ಚಿನದು ಸೀಸ, ಮತ್ತೆ ಹಿತ್ತಾಳೆ. ಒಳಗಿನ ಮದ್ದು ಎಷ್ಟೋ ಚೂರು. ತೂಕದಲ್ಲಿ ಕಂಡ ವ್ಯತ್ಯಾಸ ಮದ್ದಿನದಾ ಸೀಸದ್ದಾ ಅಂತ ತಕ್ಕಡಿ ಹೇಗೆ ಹೇಳುತ್ತದೆ? ಒಂದು ಮಧ್ಯಾಹ್ನ ಹೋಯಿತು, ಏಣಿ ಹಾಗೇ ಉಳಿಯಿತು. ಆ ಸಮಯವನ್ನು ಮಲಗಿ ಟ್ರಿಗರ್ ಅಭ್ಯಾಸಕ್ಕೆ ಕೊಟ್ಟಿದ್ದರೆ ಒಳ್ಳೆಯದಿತ್ತು. ಉಳಿದ ಅಗ್ಗದ ತೋಟೆಯನ್ನು ನಾನು ಬಿಸಾಡಲಿಲ್ಲ. ರೈಫಲ್ ಅಲುಗದ ಹಾಗೆ ತೋಳಿಗೆ ಪಟ್ಟಿ ಕಟ್ಟಿಕೊಳ್ಳುವುದು, ಉಸಿರು, ಬೋಲ್ಟ್ ಎಳೆಯುವ ಲಯ, ಇವನ್ನೆಲ್ಲ ರೂಢಿ ಮಾಡಲು ಅದು ಧಾರಾಳ ಸಾಕು. ಅದರಲ್ಲಿ ಹೊಡೆದಾಗ ಅಂಕ ಬರೆದಿಡುವುದಿಲ್ಲ ಅಷ್ಟೆ.

ಇನ್ನೊಂದು ವಿಷಯ ಮುಖ್ಯ. ಅದೇ ಕಂಪನಿ, ಅದೇ ಹೆಸರು, ಅದೇ ಬಣ್ಣದ ಡಬ್ಬ ಆದರೂ ಲಾಟ್ ನಂಬರ್, ಅಂದರೆ ಒಟ್ಟಿಗೆ ತಯಾರಾದ ಒಂದು ಕಂತಿನ ಗುರುತು, ಬದಲಾದರೆ ತೋಟೆ ಬದಲಾದ ಹಾಗೇ. ನಮ್ಮಲ್ಲಿ ಆಮದು ತೋಟೆ ಬೇಕಾದಾಗ ಅಂಗಡಿಗೆ ಹೋಗಿ ತರುವ ಸಾಮಾನಲ್ಲ. ರೈಫಲ್ ಅಸೋಸಿಯೇಷನ್, ಲೈಸೆನ್ಸ್ ಪುಸ್ತಕ, ಮಿತಿ, ಎಲ್ಲ ಉಂಟು. ಬರುವಾಗ ಬರುತ್ತದೆ, ಬಂದ ಲಾಟ್ ಮುಗಿದರೆ ಮುಗಿಯಿತು. ಹಾಗಾಗಿ ಪರೀಕ್ಷೆಗೆ ಒಂದೊಂದು ಡಬ್ಬ ಮಾತ್ರ ತೆಗೆದುಕೊಳ್ಳಿ, ಹಿಡಿಸಿದ್ದು ಸಿಕ್ಕಿದ ಕೂಡಲೇ ಅದೇ ಲಾಟಿನದು ನಿಮ್ಮ ಮಿತಿಯೊಳಗೆ ಎಷ್ಟು ಆಗುತ್ತದೋ ಅಷ್ಟು ತೆಗೆದಿಡಿ. ನಾನು ಮಾಡಿದ ಹಾಗೆ ಮೊದಲೇ 500 ಕೊಂಡು ಆಮೇಲೆ ಯೋಚಿಸಬೇಡಿ. ಡಬ್ಬವನ್ನು ಕಾರಿನಲ್ಲಿ ಬಿಸಿಲಿಗೆ ಬಿಡಲೂಬೇಡಿ, ನಮ್ಮ ಊರಿನ ಏಪ್ರಿಲ್ ಬಿಸಿಗೆ ಆ ಮೇಣ ಕರಗುತ್ತದೆ.

ಆ ದಿನ ಹನ್ನೊಂದಕ್ಕೆ ಖಾಲಿ ಹಿತ್ತಾಳೆ ಎಲ್ಲ ಹೆಕ್ಕಿ ಎಣಿಸಿದೆವು. 139, ಮತ್ತೆ ಆ ಠುಸ್ ಆದ ಒಂದು ತೋಟೆ. ರಿಜಿಸ್ಟರ್‌ನಲ್ಲಿ ಬರೆದು ಸಹಿ ಹಾಕಿದೆ. ಆಮೇಲೆ ನಾನು ಅಲ್ಲೇ ಮರದ ಕೆಳಗೆ ನಿಂತು ತೋಟೆ ತರಿಸಿಕೊಡುವವರಿಗೆ ಫೋನ್ ಮಾಡಿ 'ಇ' ಡಬ್ಬದ ಲಾಟ್ ನಂಬರ್ ಓದಿ ಹೇಳಿದೆ. ಅವರು ಹುಡುಕಿ, ಇನ್ನು 26 ಡಬ್ಬ ಇದೆ ಅಂದರು. ಸುಬೇದಾರ್ರು ಪಕ್ಕದಿಂದ ಕೈ ಸನ್ನೆ ಮಾಡಿದರು, ಆರು ಅವರಿಗೆ. ಉಳಿದ 20 ನನ್ನ ಹೆಸರಿಗೆ ಬರೆಸಿದೆ.