ಮಳೆಗಾಲದ ಆಟದ ದಿನಚರಿ: ತಪ್ಪಿಗೆ ತೆರುವ ಬೆಲೆ

ಜೂನ್, ಎರಡನೆಯ ವಾರ

ಶಿರಸಿ ಪೇಟೆಯಿಂದ ಒಳಗಿರುವ ನಮ್ಮ ಊರಿನಲ್ಲಿ ಮಳೆ ಹಿಡಿದ ಮೇಲೆ ಸಂಜೆಗಳು ಉದ್ದವಾಗುತ್ತವೆ. ಕೊಂಡು ಅರ್ಧಕ್ಕೇ ಬಿಟ್ಟಿದ್ದ ವಿಡಿಯೋ ಗೇಮ್‌ಗಳನ್ನು ಈ ಮಳೆಗಾಲದಲ್ಲಿ ಒಂದೊಂದಾಗಿ ಆಡಿ, ಪ್ರತಿಯೊಂದರ ಬಗ್ಗೆ ನನಗನಿಸಿದ್ದನ್ನು ಮುಚ್ಚುಮರೆಯಿಲ್ಲದೆ ಬರೆದಿಡಬೇಕೆಂದು ನಿಶ್ಚಯಿಸಿದ್ದೇನೆ. ಚಿತ್ರ ಚೆನ್ನಾಗಿದೆ, ಸಂಗೀತ ಇಂಪಾಗಿದೆ ಎಂದಷ್ಟೇ ಬರೆದರೆ ಯಾರಿಗೂ ಉಪಯೋಗವಿಲ್ಲ. ಆಡುವವರು ತಪ್ಪಿದಾಗ ಆಟವು ಅವರಿಂದ ಏನನ್ನು ಕಸಿದುಕೊಳ್ಳುತ್ತದೆ, ಹಾಗೆ ಕಸಿಯುವುದು ನ್ಯಾಯವೇ ಎಂಬ ಪ್ರಶ್ನೆಯನ್ನೇ ಎಲ್ಲ ಆಟಗಳಿಗೂ ಕೇಳಲಿದ್ದೇನೆ. ನನ್ನ ಕಂಪ್ಯೂಟರಿಗೆ ಯುಪಿಎಸ್ ಇಲ್ಲ. ಗಾಳಿಮಳೆಗೆ ಕರೆಂಟು ಹೋದಾಗಲೆಲ್ಲ ಈ ಪ್ರಶ್ನೆ ತಾನಾಗಿಯೇ ಎದುರು ನಿಲ್ಲುತ್ತದೆ.

ಜೂನ್ ಕೊನೆ

ಮೊದಲು ಕೈಗೆತ್ತಿಕೊಂಡದ್ದು ಸ್ಟಾರ್‌ಡ್ಯೂ ವ್ಯಾಲಿ. ಎರಿಕ್ ಬರೋನ್ ಎಂಬ ಒಬ್ಬರೇ ವ್ಯಕ್ತಿ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕುಳಿತು, ಚಿತ್ರ, ಸಂಗೀತ, ಪ್ರೋಗ್ರಾಮಿಂಗ್ ಎಲ್ಲವನ್ನೂ ತಾವೇ ಮಾಡಿ 2016ರಲ್ಲಿ ಹೊರತಂದ ಆಟವಿದು. ಅಜ್ಜ ಬಿಟ್ಟುಹೋದ ಹಾಳು ಜಮೀನನ್ನು ಹಸನು ಮಾಡಿ ಬೆಳೆ ತೆಗೆಯಬೇಕು. 28 ದಿನಗಳಿಗೆ ಒಂದು ಋತು, ನಾಲ್ಕು ಋತುಗಳಿಗೆ ಒಂದು ವರ್ಷ. ಆಟದ ಪಾತ್ರ ಮಲಗಿದಾಗ ಮಾತ್ರ ಆಡಿದ್ದು ಸೇವ್ ಆಗುವುದರಿಂದ ನಡುವೆ ಕರೆಂಟು ಹೋದರೆ ಆ ದಿನ ಪೂರ್ತಿ ಅಳಿಸಿಹೋಗುತ್ತದೆ. ಆದರೆ ಆಟದ ಒಂದು ದಿನವೆಂದರೆ ನಮ್ಮ ಸುಮಾರು 14 ನಿಮಿಷ, ಅಷ್ಟನ್ನು ಕಳೆದುಕೊಂಡರೆ ಬೇಸರವಾಗುವುದಿಲ್ಲ.

ನನ್ನ ತಕರಾರು ಬೇರೆಯದು. ಈ ಆಟದಲ್ಲಿ ಮಳೆಯೆಂದರೆ ಬರಿಯ ವರ. ಮಳೆ ಬಂದ ದಿನ ಗಿಡಗಳಿಗೆ ನೀರುಣಿಸುವ ಕೆಲಸವಿಲ್ಲ, ಗಣಿಗೋ ಮೀನು ಹಿಡಿಯಲೋ ಹೋಗಬಹುದು. ನಾನು ಅದನ್ನು ಆಡುತ್ತಿದ್ದ ವಾರವೇ ನಮ್ಮ ಅಡಿಕೆ ತೋಟದಲ್ಲಿ ಕಾಯಿ ಉದುರಿಸುವ ಕೊಳೆ ರೋಗಕ್ಕೆ ಮೊದಲ ಔಷಧಿ ಹೊಡೆಸಬೇಕಿತ್ತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಕಲಸಿ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನಿಗೆ ಹೇಳಿಕಳುಹಿಸಿ, ಮಳೆ ಹೊಳವಾಗುವುದನ್ನೇ ಮೂರು ದಿನ ಕಾದೆವು. ಒಂದು ಹೊಳವು ತಪ್ಪಿದರೆ ಗೊನೆಗಳಿಂದ ಎಳೆಯ ಅಡಿಕೆ ಉದುರಿ, ಇಡೀ ವರ್ಷದ ಬೆಳೆ ಕಣ್ಣೆದುರೇ ನೆಲ ಸೇರುತ್ತದೆ. ಸುಮಾರು 40–45 ದಿನಗಳ ಮೇಲೆ ಎರಡನೆಯ ಔಷಧಿಗೆ ಮತ್ತೆ ಇದೇ ಕಾಯುವಿಕೆ. ನಾನು ಆಡುವುದನ್ನು ನೋಡುತ್ತ ಕುಳಿತಿದ್ದ ಆಯಿ, "ಅಲ್ಲಿ ಬೆಳೆಗೆ ಕೊಳೆ ಬತ್ತಿಲ್ಯ?" ಎಂದು ಕೇಳಿದರು. ಬರುವುದಿಲ್ಲ. ಕಾಗೆ ತಿನ್ನಬಹುದು, ಸಿಡಿಲು ಬಡಿಯಬಹುದು, ಆದರೆ ರೋಗವೆಂಬುದೇ ಅಲ್ಲಿಲ್ಲ. ನೆಟ್ಟ ಹಣ್ಣಿನ ಗಿಡ 28 ದಿನಗಳಲ್ಲಿ ಫಲಕ್ಕೆ ಬರುತ್ತದೆ. ನಮ್ಮ ಅಡಿಕೆ ಸಸಿ ಐದಾರು ವರ್ಷ ಕಾಯಿಸುತ್ತದೆ. ಇಷ್ಟಾದರೂ ಋತು ಬದಲಾದ ಬೆಳಗ್ಗೆ ಹಿಂದಿನ ಋತುವಿನ ಬೆಳೆ ಒಣಗಿ ನಿಂತಿರುವ ದೃಶ್ಯವನ್ನು ನಾನು ಮೆಚ್ಚುತ್ತೇನೆ, ಏಕೆಂದರೆ ಲೆಕ್ಕ ತಪ್ಪಿದವರಿಗೆ ಆಟ ನಿಜವಾದ ಬೆಲೆ ಹೇಳುವುದು ಅಲ್ಲೊಂದೇ ಕಡೆ. ಊರೊಂದರಲ್ಲಿ ಬೇರೂರುವ ಆಟವಾಗಿ ಇದನ್ನು ಯಾರಿಗೂ ಧೈರ್ಯವಾಗಿ ಹೇಳುತ್ತೇನೆ, ಕೃಷಿಯ ಆಟವೆಂದು ಮಾತ್ರ ಕರೆಯಲಾರೆ.

ಜುಲೈ ಆರಂಭ

ವೆಂಬಾ, 2023ರದು, ಒಂದೇ ಸಂಜೆಯಲ್ಲಿ ಮುಗಿಯಿತು. ಕೆನಡಾಕ್ಕೆ ಹೋಗಿ ನೆಲೆಸಿದ ತಮಿಳು ಕುಟುಂಬದ ಕಥೆ. ತಾಯಿಯ ಅಡುಗೆ ಪುಸ್ತಕದಲ್ಲಿ ಅಳಿಸಿಹೋದ ಸಾಲುಗಳನ್ನು ನಾವೇ ಊಹಿಸಿ ಅಡುಗೆ ಮಾಡಬೇಕು. ಇಡ್ಲಿ ತಟ್ಟೆಗಳ ತೂತುಗಳನ್ನು ನೋಡಿಕೊಂಡು ಒಂದರ ಮೇಲೊಂದು ಇಡುವ ಕ್ರಮವನ್ನೇ ಒಗಟಾಗಿಸಿದ್ದು ಅಡುಗೆಮನೆ ಬಲ್ಲವರ ಕೆಲಸ. ಆದರೆ ತಪ್ಪಿದರೆ ಏನೂ ಹೋಗುವುದಿಲ್ಲ, ಮತ್ತೆ ಮಾಡಿದರಾಯಿತು. ಈ ಥಂಡಿಯಲ್ಲಿ ಹಿಟ್ಟು ಹುದುಗು ಬಾರದೆ ಕಾಯುವ ನಮ್ಮ ಮನೆಯ ಕಷ್ಟಕ್ಕೂ ಅಲ್ಲೊಂದು ಜಾಗವಿದ್ದಿದ್ದರೆ ಎನಿಸಿತು. ಕಥೆ ಮಾತ್ರ ಮನಸ್ಸನ್ನು ಹಿಡಿದು ನಿಲ್ಲಿಸಿತು.

ಜುಲೈ, ಮೂರನೆಯ ವಾರ

ಹಾಲೋ ನೈಟ್ ಆಟಕ್ಕೆ ಎರಡು ವಾರಗಳನ್ನು ಕೊಟ್ಟಿದ್ದೇನೆ. ಆಸ್ಟ್ರೇಲಿಯಾದ ಟೀಮ್ ಚೆರಿ ಎಂಬ ಪುಟ್ಟ ತಂಡ 2017ರಲ್ಲಿ ಹೊರತಂದ ಈ ಆಟ ನೆಲದಡಿಯ ಕೀಟಗಳ ರಾಜ್ಯದಲ್ಲಿ ನಡೆಯುತ್ತದೆ. ಸತ್ತರೆ ನಮ್ಮಲ್ಲಿದ್ದ ಹಣವೆಲ್ಲ ಸತ್ತ ಜಾಗದ ಬಳಿ ನಮ್ಮದೇ ನೆರಳಿನೊಂದಿಗೆ ಉಳಿಯುತ್ತದೆ. ಹಿಂದಿರುಗಿ ಹೋಗಿ ಆ ನೆರಳನ್ನು ಸೋಲಿಸಿದರೆ ಹಣ ಮರಳುತ್ತದೆ, ಅದಕ್ಕೆ ಮೊದಲೇ ಇನ್ನೊಮ್ಮೆ ಸತ್ತರೆ ಶಾಶ್ವತವಾಗಿ ಹೋಗುತ್ತದೆ. ಕಠಿಣವಾದರೂ ಈ ಬೆಲೆ ನ್ಯಾಯವಾದದ್ದು, ಏಕೆಂದರೆ ತಪ್ಪು ನಡೆದ ಸ್ಥಳಕ್ಕೇ ಹೋಗಿ ಅದನ್ನು ತಿದ್ದಿಕೊಳ್ಳುವ ಅವಕಾಶವನ್ನು ಆಟವೇ ಒದಗಿಸುತ್ತದೆ. ನಕ್ಷೆಯನ್ನೂ ಹಣ ಕೊಟ್ಟು ಕೊಳ್ಳಬೇಕು, ಹೊಸದಾಗಿ ನಡೆದಾಡಿದ ಜಾಗ ಅದರಲ್ಲಿ ಮೂಡುವುದು ಅಲ್ಲಲ್ಲಿ ಸಿಗುವ ಬೆಂಚಿನ ಮೇಲೆ ಕುಳಿತಾಗ ಮಾತ್ರ. ಸತ್ತ ಮೇಲೆ ಮತ್ತೆ ಎಚ್ಚರಗೊಳ್ಳುವುದೂ ಕೊನೆಯದಾಗಿ ಕುಳಿತಿದ್ದ ಬೆಂಚಿನಲ್ಲೇ.

ನ್ಯಾಯ ತಪ್ಪುವುದು ಒಂದು ಕಡೆ. ಸೋಲ್ ಮಾಸ್ಟರ್ ಎಂಬ ಎದುರಾಳಿಯ ಬಳಿಗೆ ಬೆಂಚಿನಿಂದ ಹೋಗುವ ದಾರಿ ಉದ್ದ. ಒಂದು ನಿಮಿಷದ ಹೋರಾಟದಲ್ಲಿ ಸೋತು, ಅಲ್ಲಿಗೆ ಮರಳಲು ಮಾತ್ರವೇ ಅಷ್ಟೇ ಹೊತ್ತು ನಡೆಯುವುದರಿಂದ ನಾನು ಕಲಿತದ್ದು ಏನೂ ಇಲ್ಲ. ಆ ಹೋರಾಟ ನಡೆಯುವ ಸಿಟಿ ಆಫ್ ಟಿಯರ್ಸ್ ನಗರದಲ್ಲಿ ಮಳೆ ನಿಲ್ಲುವುದೇ ಇಲ್ಲ, ಮೇಲಿನ ಸರೋವರದ ನೀರು ಬಂಡೆಗಳ ಸಂದಿನಿಂದ ಸದಾ ಸುರಿಯುತ್ತಿರುತ್ತದೆ. ನಮ್ಮ ಹಂಚಿನ ಮಾಡಿನ ಮೇಲಿನ ಸದ್ದೂ ಆಟದ ಸದ್ದೂ ಒಂದಾಗಿ, ಕಿವಿಯಿಂದ ಹೆಡ್‌ಫೋನ್ ತೆಗೆದಾಗಲೂ ಆಟ ಮುಂದುವರಿದಂತಿತ್ತು. ಇಷ್ಟು ಸುಂದರವಾದ ಜಾಗವನ್ನು ನಾನು ಬೇರೆ ಯಾವ ಆಟದಲ್ಲೂ ಕಂಡಿಲ್ಲ.

ಆಗಸ್ಟ್

2018ರ ಸೆಲೆಸ್ಟ್ ಹಾಲೋ ನೈಟ್‌ನ ಆ ಉದ್ದ ದಾರಿಗೆ ನೇರ ಉತ್ತರದಂತಿದೆ. ಬೆಟ್ಟ ಹತ್ತುವ ಹುಡುಗಿ ಬಿದ್ದು ಸತ್ತರೆ ಅರೆಗಳಿಗೆಯಲ್ಲಿ ಅದೇ ಪರದೆಯ ಆರಂಭದಲ್ಲಿ ನಿಂತಿರುತ್ತಾಳೆ. ತಪ್ಪಿಗೆ ಬೆಲೆಯೇ ಇಲ್ಲದ ಕಾರಣ ಆಟ ನಮ್ಮಿಂದ ಎಷ್ಟು ಕಷ್ಟದ್ದನ್ನು ಬೇಕಾದರೂ ಕೇಳಬಲ್ಲದು, ಕೇಳುತ್ತದೆ ಕೂಡ. ರಜೆಗೆ ಬಂದಿದ್ದ ತಂಗಿಯ ಮಗ ಆಟವನ್ನು ಸುಲಭವಾಗಿಸುವ ಅಸಿಸ್ಟ್ ಮೋಡ್‌ನಲ್ಲಿ ವೇಗವನ್ನು ಶೇಕಡಾ 70ಕ್ಕೆ ಇಳಿಸಿಕೊಂಡು ಶಿಖರ ಮುಟ್ಟಿದ. ಅದನ್ನು ಸುಲಭದ ಗೆಲುವೆಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಅವನ ಬೆರಳುಗಳೂ ನನ್ನ ಬೆರಳುಗಳಷ್ಟೇ ದುಡಿದಿವೆ.

ಸೆಪ್ಟೆಂಬರ್, ಮೊದಲ ವಾರ

ಈಗ ಆಡುತ್ತಿರುವುದು ಲ್ಯೂಕಸ್ ಪೋಪ್ ಅವರ 2018ರ ರಿಟರ್ನ್ ಆಫ್ ದಿ ಓಬ್ರಾ ಡಿನ್. 1802ರಲ್ಲಿ ಲಂಡನ್ನಿನಿಂದ ಹೊರಟು ಕಾಣೆಯಾದ ವ್ಯಾಪಾರಿ ಹಡಗು 1807ರಲ್ಲಿ ಆಳಿಲ್ಲದೆ ಮರಳುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಹೋದ ನಾವು ಹಡಗಿನಲ್ಲಿದ್ದ 60 ಮಂದಿಯ ಹೆಸರನ್ನೂ ಗತಿಯನ್ನೂ ಕಂಡುಹಿಡಿದು ಪುಸ್ತಕವೊಂದರಲ್ಲಿ ತುಂಬಬೇಕು. ಶವದ ಬಳಿ ಹೋದರೆ ಆ ಸಾವಿನ ಕ್ಷಣದ ದೃಶ್ಯ ಕಾಣುತ್ತದೆ. ಮೂವರ ವಿವರ ಒಟ್ಟಿಗೆ ಸರಿಯಾದಾಗ ಮಾತ್ರ ಪುಸ್ತಕ ಅದನ್ನು ಖಚಿತಪಡಿಸುವುದರಿಂದ ಬಾಯಿಗೆ ಬಂದ ಊಹೆ ನಡೆಯುವುದಿಲ್ಲ. ಈ ಮಳೆಗಾಲದಲ್ಲಿ ಆಡಿದವುಗಳಲ್ಲಿ ತಪ್ಪಿಗೆ ಇಷ್ಟು ಸರಿಯಾದ ಬೆಲೆ ಕಟ್ಟಿದ ಆಟ ಇನ್ನೊಂದಿಲ್ಲ. ದೋಷವೂ ಇದೆ: ಒಮ್ಮೆ ನೋಡಿದ ದೃಶ್ಯವನ್ನು ಮತ್ತೆ ನೋಡಬೇಕಾದರೆ ಹಡಗಿನಲ್ಲಿ ಆ ಶವವಿರುವ ಜಾಗಕ್ಕೇ ನಡೆದು ಹೋಗಬೇಕು.

ನಾವಿಕರ ಪಟ್ಟಿಯಲ್ಲಿ ಭಾರತದವರೂ ಇದ್ದಾರೆ. 17ನೆಯ ಶತಮಾನದಲ್ಲಿ ಇಂಗ್ಲಿಷರು ಕಾರವಾರದಲ್ಲಿ ವ್ಯಾಪಾರದ ಕೋಠಿ ಇಟ್ಟು ಕೊಂಡೊಯ್ದ ಕಾಳುಮೆಣಸು ನಮ್ಮ ಸೋಂದಾ ಸೀಮೆಯಿಂದಲೇ ಘಟ್ಟ ಇಳಿಯುತ್ತಿತ್ತು. ಅದಕ್ಕೋ ಏನೋ, ಉಳಿದವರಿಗಿಂತ ಈ ನಾವಿಕರ ಗತಿ ತಿಳಿಯಲು ನನಗೆ ಆತುರ ಹೆಚ್ಚು. ಇಲ್ಲಿಯವರೆಗೆ 42 ಮಂದಿ ಖಚಿತವಾಗಿದ್ದಾರೆ. ಉಳಿದವರ ಗುರುತುಗಳನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಕರೆಂಟು ಬಂದ ಕೂಡಲೇ ಕೆಳಗಿನ ಅಂತಸ್ತಿಗೆ ಇಳಿದು ತೂಗುಹಾಸಿಗೆಗಳ ಮೇಲಿನ ಸಂಖ್ಯೆಗಳನ್ನು ಪಟ್ಟಿಯೊಡನೆ ಮತ್ತೊಮ್ಮೆ ತಾಳೆ ನೋಡಬೇಕು.